ನಮ್ಮವನೆಂದೇ ಬಿಗಿ ಹಿಡಿದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತು ದಾಟಿದ ಇವರು ಅಥಣಿ ಕಡೆಯವರು. ಪುಣೆಯ ಭೋಸರಿಯಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ನಿದ್ದೆ ಹತ್ತುತ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದರು. ಅದೇ ಶಿಫ್ಟಿನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷೀನ್ ನಡೆಸುವ ಹುಡುಗ ಇವರ ಹೆಂಡತಿಯ ತಮ್ಮ ಎಂಬುದು ಆಮೇಲೆ ತಿಳಿಯಿತು.

ಅವನನ್ನು ಸೇರಿಸಿದವರು ಇವರಲ್ಲ. ಐಟಿಐ ಮುಗಿಸಿ ಸಂದರ್ಶನ ಕೊಟ್ಟೇ ಬಂದವನು. ಆದರೂ ಜೊತೆಯವರು ಮರಾಠಿಯಲ್ಲಿ ‘ಸಾಹೇಬಾಂಚಾ ಮೇಹುಣಾ’ (ಸಾಹೇಬರ ಭಾವಮೈದುನ) ಎನ್ನತೊಡಗಿದರು. ಆ ಮಾತಿಗೆ ಅಂಜಿ ಇವರು ಅವನಿಗೆ ಓವರ್‌ಟೈಮ್ ಕೊಡುವುದನ್ನೇ ನಿಲ್ಲಿಸಿದರು. ಕಾರ್ಖಾನೆಯ ಓವರ್‌ಟೈಮಿಗೆ ಕಾನೂನಿನ ಪ್ರಕಾರ ದುಪ್ಪಟ್ಟು ಸಂಬಳ. ಅದು ತಪ್ಪಿದ್ದರಿಂದ ಹುಡುಗ ಊರಿಗೆ ಕಳಿಸುವ ದುಡ್ಡು ಇಳಿಯಿತು, ಅತ್ತೆಯ ಫೋನ್ ಬಂತು, ಹೆಂಡತಿ ಮಾತು ಬಿಟ್ಟರು. ಬೋರ್ (ಕೊರೆದ ತೂತಿನ) ಅಳತೆ ತಪ್ಪಿ ಒಂದಷ್ಟು ಪೀಸ್ ರಿಜೆಕ್ಟ್ ಆದಾಗ ಇವರು ಅವನಿಗೆ ಮೆಮೊ ಕೂಡ ಕೊಟ್ಟರು. ಅಂದಿನಿಂದ ಹುಡುಗ ಮನೆಯಲ್ಲೂ ‘ಮಾಮಾ’ ಬಿಟ್ಟು ‘ಸರ್’ ಎನ್ನುತ್ತಾನಂತೆ.

“ನಮ್ಮಾಂವಂತ ಬಿಟ್ರ ಮಂದಿ ಸುಮ್ನ ಇರ್ತಾರೇನ್ರಿ ಮೇಡಂ? ನಾ ನ್ಯಾಯಾನ ಮಾಡೇನಿ” ಎಂದರು.

ಇದೇ ತಪ್ಪಿಗೆ ಉಳಿದವರಿಗೆ ಏನು ಮಾಡಿದ್ದೀರಿ, ರಿಜೆಕ್ಷನ್ ರಿಜಿಸ್ಟರ್ ನೋಡಿಕೊಂಡು ಬನ್ನಿ ಎಂದೆ. ಮುಂದಿನ ಭೇಟಿಗೆ ಚೀಟಿಯಲ್ಲಿ ಬರೆದು ತಂದಿದ್ದರು. ಉಳಿದವರಿಗೆಲ್ಲ ಬಾಯಿಮಾತಿನ ಎಚ್ಚರಿಕೆ, ಮೆಮೊ ಇವನೊಬ್ಬನಿಗೇ. ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಬಹಳ ಹೊತ್ತು ಕೂತರು.

ನೆಂಟರಿಗೆ ಸಲೀಸು ಮಾಡಿಕೊಡುವುದು ಪಕ್ಷಪಾತವೆಂದು ಎಲ್ಲರಿಗೂ ಗೊತ್ತು. ನೆಂಟನೆಂಬ ಕಾರಣಕ್ಕೇ ಹಿಂಡುವುದೂ ಅದೇ. ಎರಡರಲ್ಲೂ ಲೆಕ್ಕಕ್ಕೆ ಬರುವುದು ನಂಟು, ಕೆಲಸವಲ್ಲ. ಇವರಂಥ ಪ್ರಾಮಾಣಿಕರಿಗೆ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಮುಚ್ಚುಮರೆಯಿಲ್ಲದೆ ಹೇಳಿದೆ.

ಅವನ ವಿಷಯದ ತೀರ್ಮಾನವನ್ನೇ ನಿಮ್ಮ ಕೈಯಿಂದ ಬಿಡಿ ಎಂಬುದು ನನ್ನ ಸಲಹೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲೂ ಹೀಗೇ ಇದೆ: ಮನೆಯವರು ಕೆಲಸಕ್ಕಿರುವ ಕಂಪನಿಯ ಗುತ್ತಿಗೆ ಎದುರಿಗೆ ಬಂದರೆ ನೌಕರ ತಾನು ತೀರ್ಮಾನಿಸದೆ ಮೇಲಧಿಕಾರಿಗೆ ಒಪ್ಪಿಸಬೇಕು. ಖಾಸಗಿ ಕಾರ್ಖಾನೆಗೆ ಆ ನಿಯಮ ಅನ್ವಯಿಸದಿದ್ದರೂ ದಾರಿ ಸರಿಯಾದದ್ದೇ. ಪ್ಲಾಂಟ್ ಮ್ಯಾನೇಜರಿಗೆ ನಂಟನ್ನು ಬರೆದು ತಿಳಿಸಿ. ಅವನ ರಜೆ, ಓವರ್‌ಟೈಮ್, ಇನ್‌ಕ್ರಿಮೆಂಟ್ ಬೇರೆಯವರು ನೋಡಲಿ. ಮೆಮೊವನ್ನು ನೀವೇ ಹಿಂದಕ್ಕೆ ಪಡೆಯಬೇಡಿ, ರಿಜಿಸ್ಟರ್ ಜೊತೆಗಿಟ್ಟು ಅದನ್ನೂ ಅವರಿಗೇ ಬಿಡಿ. ಹುಡುಗನಿಗೆ ಮಾತ್ರ ನೀವೇ ಹೇಳಬೇಕು, ಉಳಿದವರಿಗಿಲ್ಲದ ಶಿಕ್ಷೆ ನಿನಗೆ ಕೊಟ್ಟೆ ಅಂತ.

ಒಮ್ಮೆ ಹೆಂಡತಿಯನ್ನೂ ಕರೆಸಿದೆ. “ಅವಗ ಓಟಿ ಕೊಡ್ರಿ ಅಂತ ನಾ ಕೇಳಿಲ್ರಿ. ಮನಿಗಿ ಬಂದಾಗ ಉಂಡ್ಯೋ ಇಲ್ಲೋ ಅಂತರೆ ಕೇಳಬಾರ್ದಾ?” ಎಂದರು ಆಕೆ. ಕಾರ್ಖಾನೆಯ ಬಿಗಿ ಮನೆಯೊಳಗೂ ಬಂದು ಕೂತಿದ್ದು ಗಂಡನಿಗೆ ಆಗಲೇ ಅರಿವಿಗೆ ಬಂದದ್ದು.

ಓವರ್‌ಟೈಮ್ ಪಟ್ಟಿ ಈಗ ಇನ್ನೊಬ್ಬ ಸೂಪರ್‌ವೈಸರ್ ಕೈಯಲ್ಲಿದೆ. ಮೆಮೊದ ತೀರ್ಮಾನ ಬಂದಿಲ್ಲ. ಹುಡುಗನೊಡನೆ ಮಾತಾಡುವುದು ಇವರಿಗೆ ಇನ್ನೂ ಕೂಡಿಬಂದಿಲ್ಲ; ಸದ್ಯದ ಭೇಟಿಗಳಲ್ಲಿ ಆ ಮಾತಿಗೇ ತಯಾರಿ ನಡೆಸಿದ್ದೇವೆ.