ಮೊಹರು ಒತ್ತುವ ಆ ಕೈ ಯಾರದು?

ಹಾವೇರಿ ಕಡೆಯ ಹಿರಿಯ ಓದುಗರೊಬ್ಬರ ಪತ್ರದ ಸಾರ: ‘ನಗರಸಭೆಯಲ್ಲಿ 31 ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಮಗಳು ಜಪಾನಿ ನಿರ್ದೇಶಕ ಅಕಿರ ಕುರೊಸಾವಾ ಅವರ “ಇಕಿರು” ಚಿತ್ರ ತೋರಿಸಿದಳು, ಸಾವು ಹತ್ತಿರವಾದ ನಗರಸಭೆ ಅಧಿಕಾರಿಯೊಬ್ಬನ ಕಥೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ನಿಮ್ಮ ಜಪಾನಿ ಸಿನಿಮಾ ಸಂಚಿಕೆ ತೆಗೆದು ನೋಡಿದರೆ ನಟ ತೊಶಿರೊ ಮಿಫುನೆಗೆ ಆರು ಪುಟ. “ಇಕಿರು”ವಿನ ಮುಖ್ಯ ನಟ ತಕಾಶಿ ಶಿಮುರಾ ಹೆಸರು ಒಂದೇ ಕಡೆ, ಅದೂ “ಮೊದಲಾದವರು” ಅನ್ನುವುದರ ಪಕ್ಕದಲ್ಲಿ. ಯಾರು ಈ ಮನುಷ್ಯ? ನಿಜವಾಗಿಯೂ ಕಚೇರಿಯಲ್ಲಿ ಕೂತು ಕೆಲಸ ಮಾಡಿದವರೇ? ಆಗ ಅವರಿಗೆ ವಯಸ್ಸೆಷ್ಟಾಗಿತ್ತು? ಕುರೊಸಾವಾ ಸಿಗದೇ ಹೋಗಿದ್ದರೆ ಅವರ ಗತಿ ಏನು? ಚಿತ್ರದ ಕೊನೆಗೆ ಪೊಲೀಸಿನವನು ತಂದುಕೊಡುವ ಟೋಪಿ ಹಳೆಯದೋ, ಹೊಸದೋ?’

ಹಿರಿಯರೇ, ನಮಸ್ಕಾರ.

ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇನೆ. ಕುರೊಸಾವಾ ನಿರ್ದೇಶಿಸಿದ್ದು 30 ಚಿತ್ರ. ಅದರಲ್ಲಿ ಮಿಫುನೆ ಇರುವುದು 16ರಲ್ಲಿ, ತಕಾಶಿ ಶಿಮುರಾ ಇರುವುದು 21ರಲ್ಲಿ. 1943ರ ಮೊದಲ ಚಿತ್ರದಲ್ಲೂ ಅವರಿದ್ದಾರೆ, 1980ರ ‘ಕಾಗೆಮುಷಾ’ದಲ್ಲೂ ಇದ್ದಾರೆ. ಅಂಥವರನ್ನು ‘ಮೊದಲಾದವರು’ ಪಕ್ಕ ಕೂರಿಸಿದ್ದಕ್ಕೆ ಸಮಜಾಯಿಷಿ ಕೊಡಲು ನನಗೆ ಮನಸ್ಸಿಲ್ಲ. ನಿಮ್ಮ ಪ್ರಶ್ನೆಗಳಿಗೇ ಬರುತ್ತೇನೆ.

ಕಚೇರಿಯ ಪ್ರಶ್ನೆ ಮೊದಲು. ಹೌದು, ಅವರು ಕೆಲಸ ಮಾಡಿದ್ದರು. ಅದೂ ನಿಮ್ಮ ಹಾಗೆ ಊರಿನ ಆಡಳಿತದಲ್ಲೇ, ಒಸಾಕಾ ನಗರದ ನೀರು ಸರಬರಾಜು ವಿಭಾಗದಲ್ಲಿ.

ಹುಟ್ಟಿದ್ದು 1905ರ ಮಾರ್ಚ್ 12ರಂದು, ಹ್ಯೋಗೊ ಪ್ರಾಂತ್ಯದ ಇಕುನೊದಲ್ಲಿ. ಬೆಳ್ಳಿ ಗಣಿಯ ಊರು ಅದು. ನಿಜವಾದ ಹೆಸರು ಶೋಜಿ ಶಿಮಾಝಾಕಿ. ಸಮುರಾಯ್ ವಂಶ, ಅಜ್ಜ 1868ರ ತೋಬಾ-ಫುಶಿಮಿ ಕಾಳಗದಲ್ಲಿ ಇದ್ದವರು. ತಂದೆ ಮಿತ್ಸುಬಿಶಿ ಕಂಪನಿಯ ನೌಕರ. ಹುಡುಗನಿಗೆ ಸಣ್ಣ ಪ್ರಮಾಣದಲ್ಲಿ ಕ್ಷಯ ತಗುಲಿ ಎರಡು ವರ್ಷ ಶಾಲೆ ತಪ್ಪಿತು. ಆಮೇಲೆ ತಂದೆಗೆ ವರ್ಗವಾದ ನೊಬೆಒಕಾದಲ್ಲಿ ಓದು ಮುಂದುವರಿಯಿತು. 1923ರಲ್ಲಿ ಕನ್ಸಾಯ್ ವಿಶ್ವವಿದ್ಯಾಲಯ ಸೇರಿದರು. ತಂದೆ ನಿವೃತ್ತರಾದರು, ಫೀಜು ಕಟ್ಟುವುದು ಮನೆಯವರ ಕೈಲಾಗಲಿಲ್ಲ. ಹಗಲು ನೀರಿನ ಇಲಾಖೆಯ ಕೆಲಸ, ಬಿಡುವಿನ ವೇಳೆಗೆ ಇಂಗ್ಲಿಷ್ ಸಾಹಿತ್ಯದ ಓದು ಅಂತಾಯಿತು. ಅಲ್ಲಿ ಒಬ್ಬ ನಾಟಕಕಾರ, ಒಬ್ಬ ಶೇಕ್ಸ್‌ಪಿಯರ್ ವಿದ್ವಾಂಸ ಪಾಠ ಹೇಳುತ್ತಿದ್ದರು. ನಾಟಕದ ಹುಚ್ಚು ಹತ್ತಿದ್ದು ಆ ತರಗತಿಗಳಲ್ಲಿ. 1928ರಲ್ಲಿ ಗೆಳೆಯರ ಜೊತೆ ಹವ್ಯಾಸಿ ತಂಡ ಕಟ್ಟಿದರು, ತಾಲೀಮು ಹೆಚ್ಚಾಯಿತು, ಕಚೇರಿಗೆ ಗೈರುಹಾಜರಿಯೂ ಹೆಚ್ಚಾಯಿತು. ನೌಕರಿ ಹೋಯಿತು. ಓದನ್ನೂ ಬಿಟ್ಟು ನಾಟಕವನ್ನೇ ನಂಬಿ ಹೊರಟರು. ಊರೂರು ಸುತ್ತಿದ ತಂಡ ಸಾಲಕ್ಕೆ ಸಿಕ್ಕಿ ಮುಚ್ಚಿತು.

ಈಗ ‘ಇಕಿರು’ವಿನ ಆ ಮೊದಲ ಭಾಗವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ವಿಭಾಗದ ಮುಖ್ಯಸ್ಥ ವತನಾಬೆ ಕಡತಗಳ ಗುಡ್ಡದ ಹಿಂದೆ ಕೂತು ಮೊಹರು ಒತ್ತುತ್ತಿದ್ದಾನೆ. ಮೊಹರಿಗೆ ಮಸಿ ಮೆತ್ತಿಕೊಂಡಿದೆ. ಖಾನೆ ಎಳೆದು ಒಳಗಿದ್ದ ಹಳೆಯ ಬರಹದ ಒಂದು ಹಾಳೆ ಹರಿಯುತ್ತಾನೆ, ಮೊಹರು ಒರೆಸುತ್ತಾನೆ, ಹಾಳೆಯನ್ನು ಬುಟ್ಟಿಗೆ ಹಾಕುತ್ತಾನೆ. ಆ ಬರಹ ಯಾವುದು ಗೊತ್ತೇ? ಕಚೇರಿಯ ಕೆಲಸ ಚುರುಕಾಗುವುದು ಹೇಗೆ ಅಂತ ಅವನೇ ವಯಸ್ಸಿನಲ್ಲಿದ್ದಾಗ ಬರೆದ ಸಲಹಾಪತ್ರ. ಶಿಮುರಾ ಅಲ್ಲಿ ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ, ಹಾಳೆಯ ಮೇಲೆ ಏನಿದೆ ಅಂತ ನೋಡುವುದೂ ಇಲ್ಲ. ದಿನಾ ಒರೆಸುವವನ ಕೈ ಹೇಗೆ ಓಡುತ್ತದೋ ಹಾಗೆ ಓಡುತ್ತದೆ, ಅಷ್ಟೆ. ‘ನಮ್ಮ ಹೆಡ್ ಕ್ಲರ್ಕ್ ಹೀಗೇ ಮಾಡುತ್ತಿದ್ದರು’ ಅಂತ ನೀವು ಬರೆದದ್ದು ಓದಿ ನನಗೆ ಮೈ ಜುಂ ಅಂದಿತು. ಒಸಾಕಾದ ಕಚೇರಿಯಲ್ಲಿ ಅವರು ಕಂಡದ್ದೇ ಇಲ್ಲಿಗೆ ಬಂತು ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ಮೇಜಿನ ಹಿಂದೆ ಕೂತು ಎದ್ದವರ ಬೆನ್ನು ಅದು, ನೀವೇ ಗುರುತು ಹಿಡಿದಿದ್ದೀರಿ.

ವಯಸ್ಸು ಕೇಳಿದ್ದೀರಿ. ಚಿತ್ರ ಬಂದದ್ದು 1952ರಲ್ಲಿ, ಆಗ ಅವರಿಗೆ 47. ನೀವು ಎಪ್ಪತ್ತು ಅಂದುಕೊಂಡಿರಿ, ಮೊದಲ ಸಲ ನೋಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ.

‘ಕುರೊಸಾವಾ ಸಿಗದೇ ಹೋಗಿದ್ದರೆ’ ಅಂದಿದ್ದೀರಲ್ಲ, ಈ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕುರೊಸಾವಾ ಮೊದಲ ಚಿತ್ರಕ್ಕೆ ಕೈ ಹಾಕುವ ಹೊತ್ತಿಗೆ ಶಿಮುರಾ ಪಳಗಿದ ನಟ. 1934ರಲ್ಲಿ ಮೂಕಿ ಚಿತ್ರದಿಂದ ಶುರು. 1936ರಲ್ಲಿ ನಿರ್ದೇಶಕ ಕೆಂಜಿ ಮಿಝೊಗುಚಿ ಅವರ ‘ಒಸಾಕಾ ಎಲಿಜಿ’ಯಲ್ಲಿ ಪತ್ತೇದಾರನ ಪಾತ್ರ. 1937ರಲ್ಲಿ ನಿಕ್ಕತ್ಸು ಕಂಪನಿಯ ಕ್ಯೋಟೊ ಸ್ಟುಡಿಯೊ ಸೇರಿ, ಐದೇ ವರ್ಷದಲ್ಲಿ ನೂರರ ಹತ್ತಿರ ಚಿತ್ರ ಮಾಡಿದರು. ಹೆಚ್ಚಿನವು ಕತ್ತಿವರಸೆಯ ಚಿತ್ರಗಳು. ಬೆಳಗ್ಗೆ ಒಂದು ವೇಷ, ಮಧ್ಯಾಹ್ನ ಇನ್ನೊಂದು ಅನ್ನುವಂಥ ದುಡಿಮೆ.

ಆ ಕಾಲದ ಎರಡು ಸಂಗತಿ ಹೇಳದೆ ಮುಂದೆ ಹೋಗಲಾರೆ.

ಒಂದು, ಅವರು ಹಾಡುತ್ತಿದ್ದರು. 1939ರಲ್ಲಿ ಮಸಹಿರೊ ಮಕಿನೊ ತೆಗೆದ ‘ಹಾಡುವ ಜೋಡಿಹಕ್ಕಿಗಳು’ ಎಂಬರ್ಥದ ಹೆಸರಿನ ಸಂಗೀತ ಚಿತ್ರದಲ್ಲಿ ಶಿಮುರಾ ಕೊಡೆ ಮಾಡುವ ಬಡವ, ಹಳೇ ಪಾತ್ರೆ-ಪಗಡಿ ಕೂಡಿಹಾಕುವ ಹುಚ್ಚಿನ ತಂದೆ. ಕೊಡೆಗಳ ನಡುವೆ ನಿಂತು ಎಷ್ಟು ಚೆನ್ನಾಗಿ ಹಾಡಿದರೆಂದರೆ ತೆಯಿಚಿಕು ಎಂಬ ಧ್ವನಿಮುದ್ರಣ ಕಂಪನಿ ಒಪ್ಪಂದಕ್ಕೆ ಕರೆಯಿತು. ಇದನ್ನು ತಿಳಿದುಕೊಂಡು ‘ಇಕಿರು’ವಿನ ಹಾಡು ಕೇಳಿ. ‘ಗೊಂಡೊಲಾ ಹಾಡು’ 1915ರದು, ಬದುಕು ಚಿಕ್ಕದು, ಹುಡುಗಿಯರೇ ಪ್ರೀತಿಸಿಬಿಡಿ ಅನ್ನುವ ಧಾಟಿಯದು. ಅದನ್ನು ವತನಾಬೆ ಮೊದಲು ಹಾಡುವುದು ಕುಣಿತದ ಜನ ತುಂಬಿದ ಬಾರಿನಲ್ಲಿ. ಕಣ್ಣಿಂದ ನೀರು ಇಳಿಯುತ್ತದೆ, ತುಟಿ ಅಷ್ಟಾಗಿ ಅಲುಗುವುದಿಲ್ಲ, ದನಿ ಗಂಟಲಿನ ತಳದಿಂದ ಕೆರೆದುಕೊಂಡು ಬರುತ್ತದೆ, ಕುಣಿಯುವವರು ಒಬ್ಬೊಬ್ಬರಾಗಿ ನಿಂತುಬಿಡುತ್ತಾರೆ. ಹಾಡಲು ಬಾರದವನು ಹಾಗೆ ಹಾಡಿದ್ದರೆ ಅದು ಬರೀ ಅಪಸ್ವರ ಆಗುತ್ತಿತ್ತು. ಹಾಡು ಬಲ್ಲವರು ತಮ್ಮ ಕಂಠವನ್ನೇ ಬದಿಗಿಟ್ಟು ಹಾಡಿದ್ದು ಅದು. ಅವರ ಇಡೀ ನಟನೆ ನನಗೆ ಅರ್ಥವಾದದ್ದು ಈ ಒಂದು ಜಾಗದಲ್ಲಿ. ಇರುವುದನ್ನು ಮೆರೆಸುವ ನಟರು ಬೇಕಾದಷ್ಟು ಸಿಗುತ್ತಾರೆ. ಇವರು ಇರುವುದನ್ನು ಇಳಿಸಿಟ್ಟು ಬರುವವರು.

ಎರಡನೆಯದು ಕಹಿಯಾದದ್ದು. ಎಡಪಂಥೀಯ ನಾಟಕದವರ ಒಡನಾಟವಿತ್ತೆಂದು ಆ ಕಾಲದ ವಿಶೇಷ ಪೊಲೀಸರು ಅವರನ್ನು ಹಿಡಿದು ಮೂರು ವಾರದಷ್ಟು ಒಳಗಿಟ್ಟಿದ್ದರು. ಹೆಂಡತಿ ಮಸಾಕೊ ಮತ್ತು ಸಹನಟ ರ್ಯೂನೊಸುಕೆ ತ್ಸುಕಿಗಾತಾ ಜಾಮೀನು ನಿಂತು ಬಿಡಿಸಿಕೊಂಡು ಬಂದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಕುರೊಸಾವಾ ತೆಗೆದ ‘ನಮ್ಮ ತಾರುಣ್ಯಕ್ಕೆ ವಿಷಾದವಿಲ್ಲ’ ಎಂಬರ್ಥದ ಚಿತ್ರದಲ್ಲಿ ‘ವಿಷದ ಸ್ಟ್ರಾಬೆರಿ’ ಎಂಬ ಅಡ್ಡಹೆಸರಿನ ಪೊಲೀಸ್ ಅಧಿಕಾರಿ ಬರುತ್ತಾನೆ. ಆ ಪಾತ್ರ ಶಿಮುರಾ ಅವರದು. ತಾವು ಎದುರು ಕೂತು ಕಂಡವರನ್ನೇ ಅವರು ಅಲ್ಲಿ ಹೊರಗೆ ತಂದರು.

ಮಿಫುನೆಗೆ ಬರೋಣ. ಅವರನ್ನು ಕಡಿಮೆ ಮಾಡಿ ಮಾತಾಡಲು ನನಗೆ ಆಗದು. ಬೆಂಕಿಯಂಥ ನಟ. ಆದರೆ ಆ ಬೆಂಕಿ ನಮಗೆ ಕಾಣಿಸಿದ್ದು ಪಕ್ಕದಲ್ಲಿ ಶಿಮುರಾ ಇದ್ದದ್ದರಿಂದ. 1948ರ ‘ಕುಡುಕ ದೇವದೂತ’ ನೋಡಿ: ಕೊಳಚೆ ಗುಂಡಿಯ ಪಕ್ಕದ ದವಾಖಾನೆ, ಕುಡುಕ ಡಾಕ್ಟರ್ ಸನಾದಾ ಆಗಿ ಶಿಮುರಾ, ಕ್ಷಯ ಹಿಡಿದ ಪುಂಡನಾಗಿ ಮಿಫುನೆ. ಡಾಕ್ಟರು ಬಯ್ಯುತ್ತಾನೆ, ಕೈಗೆ ಸಿಕ್ಕಿದ್ದು ಎಸೆಯುತ್ತಾನೆ. ‘ನೀನು ಬದುಕಬೇಕು ಕಣೋ’ ಅನ್ನುವುದನ್ನು ಬಾಯಿಬಿಟ್ಟು ಹೇಳುವ ಬದಲು ಬೈಗುಳದಲ್ಲೇ ಹೇಳುತ್ತಾನೆ. ಹುಡುಗನಾಗಿದ್ದಾಗ ಅದೇ ಕಾಯಿಲೆಯಲ್ಲಿ ಮಲಗಿದ್ದವರು ಆ ಪಾತ್ರ ಮಾಡಿದ್ದು ಅನ್ನುವುದನ್ನು ನಾನು ಮರೆಯಲಾರೆ. 1950ರಲ್ಲಿ ‘ರಾಶೊಮಾನ್’ನ ಕಟ್ಟಿಗೆ ಕಡಿಯುವವ. ಅದೇ ವರ್ಷ ‘ಸ್ಕ್ಯಾಂಡಲ್’ನಲ್ಲಿ, ಕಾಯಿಲೆಯ ಮಗಳನ್ನು ಮನೆಯಲ್ಲಿಟ್ಟುಕೊಂಡು ಕಕ್ಷಿದಾರನಿಗೆ ದ್ರೋಹ ಮಾಡುವ ವಕೀಲ. ಅದು ಮಿಫುನೆ ಚಿತ್ರವೆಂದು ಶುರುವಾಗಿ ಶಿಮುರಾ ಚಿತ್ರವಾಗಿ ಮುಗಿಯುತ್ತದೆ.

1954ಕ್ಕೆ ಬಂದರೆ ಬೆರಗು. ಏಪ್ರಿಲ್‌ನಲ್ಲಿ ‘ಸೆವೆನ್ ಸಮುರಾಯ್’, ನವೆಂಬರ್‌ನಲ್ಲಿ ‘ಗಾಡ್ಜಿಲಾ’. ಮೊದಲನೆಯದರಲ್ಲಿ ಮುಖಂಡ ಕಂಬೆಯ್. ಕಳ್ಳನೊಬ್ಬ ಮಗುವನ್ನು ಹಿಡಿದುಕೊಂಡು ಕೊಟ್ಟಿಗೆ ಸೇರಿದ್ದಾನೆ. ಕಂಬೆಯ್ ಹೊಳೆ ದಂಡೆಯಲ್ಲಿ ಕೂತು ತಲೆ ಬೋಳಿಸಿಕೊಳ್ಳುತ್ತಾನೆ. ಸಮುರಾಯ್‌ಗೆ ಜುಟ್ಟು ಅಂದರೆ ಮಾನ, ಸುತ್ತ ನಿಂತ ಜನ ಬೆಕ್ಕಸ ಬೆರಗಾಗುತ್ತಾರೆ. ಸನ್ಯಾಸಿಯ ಬಟ್ಟೆ ಕೇಳಿ ತೊಟ್ಟು, ಎರಡು ಅನ್ನದ ಉಂಡೆ ಹಿಡಿದು ಹೋಗಿ ಮಗುವನ್ನು ಬಿಡಿಸುತ್ತಾನೆ. ಅಲ್ಲಿಂದ ಮುಂದೆ ಚಿತ್ರದುದ್ದಕ್ಕೂ ಆ ಬೋಳುತಲೆಯನ್ನು ಅಂಗೈಯಿಂದ ಸವರಿಕೊಳ್ಳುತ್ತಾನೆ. ಯೋಚನೆ ಬಂದರೂ ಸವರಿಕೊಳ್ಳುವುದು, ಸಂಕೋಚ ಆದರೂ ಸವರಿಕೊಳ್ಳುವುದು. ಸೇನಾಪತಿಯೊಬ್ಬ ನಮ್ಮ ಮನೆಯ ದೊಡ್ಡಪ್ಪನಾಗಿಬಿಡುವುದು ಆ ಸವರುವಿಕೆಯಿಂದ. ಆರು ತಿಂಗಳ ಮೇಲೆ ಅದೇ ಮನುಷ್ಯ ‘ಗಾಡ್ಜಿಲಾ’ದಲ್ಲಿ ಪ್ರಾಗ್ಜೀವಿ ವಿಜ್ಞಾನಿ ಡಾಕ್ಟರ್ ಯಮಾನೆ. ಊರೇ ಉರಿದುಹೋಗುತ್ತಿರುವಾಗಲೂ ಆ ದೈತ್ಯ ಮೃಗವನ್ನು ಕೊಲ್ಲುವುದು ಬೇಡ, ಅಭ್ಯಾಸ ಮಾಡೋಣ ಅಂತ ಸಂಕಟಪಡುವವನು. ರಬ್ಬರಿನ ಪ್ರಾಣಿಯನ್ನು ನಾವು ನಂಬುವುದು ಅದನ್ನು ನೋಡುವ ಅವರ ಕಣ್ಣುಗಳನ್ನು ನಂಬಿ.

ಪ್ರಶಸ್ತಿಗಳೂ ಬಂದವು. ‘ಇಕಿರು’ಗಾಗಿ ಬ್ರಿಟನ್ನಿನ ಬಾಫ್ಟಾ ಚಲನಚಿತ್ರ ಪ್ರಶಸ್ತಿಗೆ ನಾಮನಿರ್ದೇಶನ, 1974ರಲ್ಲಿ ಜಪಾನ್ ಸರ್ಕಾರದ ನೇರಳೆ ಪಟ್ಟಿಯ ಪದಕ. ‘ಇಕಿರು’ವನ್ನೇ ಇಂಗ್ಲಿಷಿನಲ್ಲಿ ಮತ್ತೆ ತೆಗೆದ, ನಟ ಬಿಲ್ ನೈ ಅವರ ‘ಲಿವಿಂಗ್’ ಅನ್ನೂ ತೋರಿಸುತ್ತೇನೆ ಅಂದಿದ್ದಾಳಂತೆ ಮಗಳು. ತೋರಿಸಲಿ, ಒಳ್ಳೆಯ ಚಿತ್ರ, ಕಝುಒ ಇಶಿಗುರೊ ಅದಕ್ಕೆ ಚಿತ್ರಕಥೆ ಬರೆದವರು. ಆದರೆ ನಡುವೆ ಒಂದೆರಡು ವಾರ ಬಿಡಿ.

ನೀವು ಕೊನೆಯಲ್ಲಿ ಕೇಳಿದ ಟೋಪಿಯ ವಿಷಯ. ಹಳೆಯ ಟೋಪಿಯನ್ನು ರಾತ್ರಿಯ ಬೀದಿಯಲ್ಲಿ ಒಬ್ಬ ಹೆಂಗಸು ಕಸಿದುಕೊಳ್ಳುತ್ತಾಳೆ, ಆಮೇಲೆ ವತನಾಬೆ ಹೊಸದು ಕೊಳ್ಳುತ್ತಾನೆ. ಸಾವಿನ ಮನೆಗೆ ಪೊಲೀಸಿನವನು ತಂದುಕೊಡುವುದು ಆ ಹೊಸ ಟೋಪಿಯನ್ನೇ, ಮಣ್ಣಾದದ್ದನ್ನು. ಹಿಮ ಬೀಳುವಾಗ ಉದ್ಯಾನದ ಉಯ್ಯಾಲೆಯ ಮೇಲೆ ಹಾಡುತ್ತ ಕೂತಿದ್ದವನನ್ನು ಕೊನೆಗೆ ಕಂಡವನು ಅವನು. ನಿಮಗೆ ಅನುಮಾನ ಬಂದದ್ದು ಸಹಜ, ಇನ್ನೊಮ್ಮೆ ನೋಡಿದರೆ ಗೊತ್ತಾಗುತ್ತದೆ.

ಶಿಮುರಾ ತೀರಿಕೊಂಡದ್ದು 1982ರ ಫೆಬ್ರವರಿ 11ರಂದು, ಶ್ವಾಸಕೋಶದ ಕಾಯಿಲೆಯಿಂದ. 76 ವಯಸ್ಸು. 1965ರ ನಂತರ ಕುರೊಸಾವಾ ಜೊತೆ ಅವರು ಮಾಡಿದ್ದು ‘ಕಾಗೆಮುಷಾ’ ಒಂದೇ, ಅದೂ ಚಿಕ್ಕ ಪಾತ್ರ. ಹೊರದೇಶಗಳಿಗೆ ಕಳಿಸಿದ ಪ್ರತಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಕತ್ತರಿಸಿದಾಗ ಅದೂ ಹೋಯಿತು. ಮಗಳಿಗೆ ಹೇಳಿ, 180 ನಿಮಿಷದ ಪ್ರತಿಯನ್ನೇ ಹುಡುಕಲಿ. ಅದರಲ್ಲಿ ಅವರಿದ್ದಾರೆ.

— ಸಂಪಾದಕ