ವಿಂಡೋಸ್ ಇಲ್ಲದೆ ಕಂಪ್ಯೂಟರ್ ನಡೆಯುತ್ತದೆಯೇ? ಆಪರೇಟಿಂಗ್ ಸಿಸ್ಟಮ್ ಅಂದರೆ ಏನು?

ಖಂಡಿತ ನಡೆಯುತ್ತದೆ. ಆದರೆ ವಿಂಡೋಸ್ ಜಾಗದಲ್ಲಿ ಬೇರೊಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನೂ ಅದರ ಪ್ರೋಗ್ರಾಂಗಳನ್ನೂ ನಡೆಸುವ ಮೂಲ ಸಾಫ್ಟ್‌ವೇರ್, ಇರಬೇಕು.

ನೀವು ಹಾಡು ಕೇಳುತ್ತಾ ಪತ್ರ ಟೈಪ್ ಮಾಡುತ್ತಿದ್ದೀರಿ, ಜೊತೆಗೆ ಒಂದು ಫೈಲ್ ಡೌನ್‌ಲೋಡ್ ಆಗುತ್ತಿದೆ ಅಂದುಕೊಳ್ಳಿ. ಮೂರೂ ಒಟ್ಟಿಗೆ ನಡೆಯುತ್ತಿವೆ ಅನ್ನಿಸುತ್ತದೆ, ಅಲ್ವಾ? ಪ್ರೊಸೆಸರ್ ಒಂದೇ ಕೋರಿನದಾದರೂ, ಅಂದರೆ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಸುವಂಥದ್ದಾದರೂ, ಹಾಗೇ ಅನ್ನಿಸುತ್ತದೆ. ಯಾಕೆಂದರೆ ಆಪರೇಟಿಂಗ್ ಸಿಸ್ಟಮ್ ಪ್ರತಿ ಪ್ರೋಗ್ರಾಂಗೂ ಕೆಲವೇ ಮಿಲಿಸೆಕೆಂಡ್ ಸರದಿ ಕೊಟ್ಟು, ಬೇಗ ಬೇಗ ಬದಲಾಯಿಸುತ್ತಾ ಹೋಗುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ನನಗೆ ಇವತ್ತಿಗೂ ಇದು ಅಚ್ಚರಿ. ಯಾರಿಗೆ ಎಷ್ಟು ಮೆಮೊರಿ, ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ, ಪ್ರಿಂಟರಿಗೆ ಕೆಲಸ ಹೇಳುವುದು ಹೇಗೆ, ಇವೆಲ್ಲ ಅದರದ್ದೇ ಹೊಣೆ. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಗೆ ಕೈ ಹಾಕದಂತೆ ಕಾಯುವುದೂ ಅದೇ. ಹಾಗಾಗಿಯೇ ಬ್ರೌಸರ್ ನಡುವೆ ನಿಂತುಹೋದರೂ ಸಾಮಾನ್ಯವಾಗಿ ನಿಮ್ಮ ಪತ್ರಕ್ಕೆ ಏನೂ ಆಗುವುದಿಲ್ಲ.

ಆ್ಯಪಲ್ ಕಂಪ್ಯೂಟರಿನಲ್ಲಿ ಮ್ಯಾಕ್‌ಓಎಸ್ ಇರುತ್ತದೆ. ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಅನ್ನು ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದರು. ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗಿನ ಕರ್ನಲ್, ಅಂದರೆ ತಿರುಳು, ಲಿನಕ್ಸೇ.

ಲಿನಕ್ಸಿನ ರೂಪಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಒಮ್ಮೆ ನಡೆಸಿ ನೋಡಿ. ದುಡ್ಡು ಕೊಡಬೇಕಿಲ್ಲ.