ನೀವು ಕೇಳಿದಿರಿ: ನೇಮಕಾತಿಗೂ ತರಬೇತಿಗೂ ಎಐ ಬಂದ ಮೇಲೆ

ಕಚೇರಿ, ಕಾರ್ಖಾನೆಗಳಲ್ಲಿ ಎಐ ಬಳಕೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದಾಗಿಸಲಾಗಿದೆ.

ಪ್ರಶ್ನೆ: ಬಿ.ಕಾಂ. ಮುಗಿಸಿ ಹತ್ತಾರು ಕಂಪನಿಗಳಿಗೆ ಅರ್ಜಿ ಹಾಕಿದ್ದೇನೆ. ಕೆಲವು ಕಡೆಯಿಂದ ಹತ್ತೇ ನಿಮಿಷದಲ್ಲಿ ‘ವಿಷಾದಿಸುತ್ತೇವೆ’ ಎಂಬ ಮೇಲ್ ಬರುತ್ತದೆ. ಎಐ ನನ್ನ ರೆಸ್ಯೂಮೆ ಓದಿ ಬಿಸಾಡುತ್ತಿದೆಯೇ? ಜಾಹೀರಾತಿನ ಪದಗಳನ್ನೆಲ್ಲ ಬಿಳಿ ಅಕ್ಷರದಲ್ಲಿ ತುಂಬಿದರೆ ಪಾಸಾಗುತ್ತದಂತೆ, ನಿಜವೇ?
— ಉದ್ಯೋಗಾಕಾಂಕ್ಷಿ, ತುಮಕೂರು

ಉತ್ತರ: ಅಷ್ಟು ಬೇಗ ಬರುವ ತಿರಸ್ಕಾರದ ಹಿಂದೆ ಬಹುಪಾಲು ಸಲ ಎಐ ಇರುವುದೇ ಇಲ್ಲ. ಅರ್ಜಿ ನಮೂನೆಯಲ್ಲಿ ‘ಎರಡು ವರ್ಷದ ಅನುಭವ ಇದೆಯೇ’, ‘ರಾತ್ರಿ ಪಾಳಿಗೆ ಒಪ್ಪುತ್ತೀರಾ’ ಎಂದೆಲ್ಲ ಕೇಳುತ್ತಾರಲ್ಲ, ಅದರಲ್ಲಿ ಒಂದಕ್ಕೆ ‘ಇಲ್ಲ’ ಎಂದರೆ ಅರ್ಜಿ ತಾನಾಗಿ ಹೊರಬೀಳುವಂತೆ ನೇಮಕಾತಿಯವರೇ ನಿಯಮ ಹಾಕಿರುತ್ತಾರೆ. ರೆಸ್ಯೂಮೆಯನ್ನು ತೆರೆದೇ ಇರುವುದಿಲ್ಲ. ಆ ಪ್ರಶ್ನೆಗಳನ್ನು ಅವಸರದಲ್ಲಿ ಟಿಕ್ ಮಾಡಬೇಡಿ. ಇಂಟರ್ನ್‌ಶಿಪ್ಪನ್ನು ಅನುಭವವೆಂದು ಲೆಕ್ಕಕ್ಕೆ ಹಿಡಿಯುತ್ತಾರೋ ಎಂದು ಜಾಹೀರಾತನ್ನು ಮತ್ತೊಮ್ಮೆ ಓದಿ ನೋಡಿ.

ರೆಸ್ಯೂಮೆಯ ಕಡೆಯಿಂದ ಕೆಡುವುದು ಓದುವ ಹಂತದಲ್ಲಿ. ಎರಡು ಕಾಲಮ್ಮಿನ ವಿನ್ಯಾಸ, ಕೋಷ್ಟಕ, ಟೆಕ್ಸ್ಟ್ ಬಾಕ್ಸ್, ಪುಟದ ಹೆಡರಿನಲ್ಲಿ ಇಟ್ಟ ಫೋನ್ ನಂಬರ್ ಇವೆಲ್ಲ ತಂತ್ರಾಂಶಕ್ಕೆ ಕಲಸುಮೇಲೋಗರವಾಗಿ ಕಾಣಬಹುದು. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಎಲ್ಲವನ್ನೂ ಆಯ್ದು, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಸಾಲುಗಳು ಯಾವ ಕ್ರಮದಲ್ಲಿ ಬೀಳುತ್ತವೋ ಹೆಚ್ಚುಕಡಿಮೆ ಅದನ್ನೇ ತಂತ್ರಾಂಶ ಓದುತ್ತದೆ. ಏನೂ ಬೀಳದಿದ್ದರೆ ನಿಮ್ಮದು ಬರೀ ಚಿತ್ರ. ಇನ್ನು ‘ಲೆಕ್ಕಪತ್ರದ ಜ್ಞಾನವಿದೆ’ ಎನ್ನುವ ಬದಲು ‘ಟ್ಯಾಲಿಯಲ್ಲಿ ತಿಂಗಳಿಗೆ ಸುಮಾರು 300 ವೋಚರ್, ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಕೆ’ ಎಂದು ಮಾಡಿದ್ದನ್ನೇ ಬರೆಯಿರಿ. ಪದ ಹುಡುಕುವ ತಂತ್ರಾಂಶಕ್ಕೂ ಓದುವ ಮನುಷ್ಯನಿಗೂ ಅದು ಸಾಕು.

ಬಿಳಿ ಅಕ್ಷರದ ಉಪಾಯ ಬೇಡ. ತಂತ್ರಾಂಶ ಬಣ್ಣವನ್ನೆಲ್ಲ ಕಿತ್ತು ಬರೀ ಪಠ್ಯ ಇಟ್ಟುಕೊಳ್ಳುತ್ತದೆ. ನೇಮಕಾತಿಯವರ ಪರದೆಯಲ್ಲಿ ಅಷ್ಟೂ ಪದಗಳು ಕಪ್ಪಾಗಿಯೇ ಕಾಣುತ್ತವೆ.

ಪ್ರಶ್ನೆ: ನಮಗೆ ವರ್ಷಕ್ಕೆ ಸುಮಾರು 3,000 ಅರ್ಜಿ ಬರುತ್ತವೆ. ಅವನ್ನು ಸೋಸಲು ಎಐ ಕೊಳ್ಳುವ ಯೋಚನೆ ಇದೆ. ‘ಹೆಸರು, ಲಿಂಗ ಎರಡನ್ನೂ ಮರೆಮಾಡುತ್ತೇವೆ, ಪಕ್ಷಪಾತದ ಪ್ರಶ್ನೆಯೇ ಇಲ್ಲ’ ಎನ್ನುತ್ತಾರೆ ಮಾರುವವರು. ನಂಬಬಹುದೇ?
— ಎಚ್.ಆರ್. ಅಧಿಕಾರಿ, ಪೀಣ್ಯ, ಬೆಂಗಳೂರು

ಉತ್ತರ: ಆ ಒಂದು ಮಾತಿನ ಮೇಲೆ ಕೊಳ್ಳಬೇಡಿ. ಅಮೆಜಾನ್ 2014ರಲ್ಲಿ ಇಂಥದೊಂದು ತಂತ್ರಾಂಶ ಕಟ್ಟಲು ತೊಡಗಿತ್ತು. ಹತ್ತು ವರ್ಷಗಳ ರೆಸ್ಯೂಮೆಗಳೇ ಅದರ ಪಾಠ, ಅವುಗಳಲ್ಲಿ ಹೆಚ್ಚಿನವು ಗಂಡಸರವು. ‘ಮಹಿಳಾ ಚೆಸ್ ಕ್ಲಬ್ ನಾಯಕಿ’ ಎಂಬಂಥ ಪದಗಳಿದ್ದ ರೆಸ್ಯೂಮೆಗೆ ಅದು ಅಂಕ ಕಡಿಮೆ ಮಾಡುತ್ತಿತ್ತು, ಎರಡು ಮಹಿಳಾ ಕಾಲೇಜುಗಳ ಪದವೀಧರರನ್ನು ಕೆಳಗೆ ತಳ್ಳುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟ ಸಂಗತಿ 2018ರಲ್ಲಿ ರಾಯಿಟರ್ಸ್ ವರದಿಯಿಂದ ಹೊರಬಂತು. ಲಿಂಗದ ಕಾಲಮ್ ತೆಗೆದರೂ ಅದರ ನೆರಳು ಬೇರೆ ಕಾಲಮ್ಮುಗಳಲ್ಲಿ ಉಳಿದಿರುತ್ತದೆ. ನಮ್ಮಲ್ಲಾದರೆ ಮಹಿಳಾ ಪಾಲಿಟೆಕ್ನಿಕ್, ಹೆರಿಗೆಯಿಂದಾದ ಎರಡು ವರ್ಷದ ಬಿಡುವು, ಪಿನ್‌ಕೋಡ್, ಓದಿದ ಮಾಧ್ಯಮ ಇವೆಲ್ಲ ಸುಳಿವುಗಳೇ.

ಮೊದಲು ಕೇಳಬೇಕಾದ್ದು ಇದು: ತಂತ್ರಾಂಶಕ್ಕೆ ಕಲಿಸುವಾಗ ‘ಒಳ್ಳೆಯ ಅಭ್ಯರ್ಥಿ’ ಎಂದು ತೋರಿಸಿದ್ದು ಯಾರನ್ನು? ಹಿಂದೆ ಆಯ್ಕೆಯಾದವರನ್ನೋ, ಸೇರಿ ಒಂದು ವರ್ಷ ಚೆನ್ನಾಗಿ ಕೆಲಸ ಮಾಡಿದವರನ್ನೋ? ಮೊದಲನೆಯದಾದರೆ ನಿಮ್ಮ ಹಳೆಯ ಮ್ಯಾನೇಜರುಗಳ ಅಭಿರುಚಿಯನ್ನೇ ದುಡ್ಡು ಕೊಟ್ಟು ಮತ್ತೆ ಕೊಂಡಂತೆ. ಎರಡನೆಯದೂ ಪೂರ್ತಿ ಸ್ವಚ್ಛವಲ್ಲ, ಏಕೆಂದರೆ ನೇಮಕವಾಗದವರು ಹೇಗೆ ಕೆಲಸ ಮಾಡುತ್ತಿದ್ದರು ಎಂಬುದು ಆ ದಾಖಲೆಯಲ್ಲಿ ಇರುವುದೇ ಇಲ್ಲ.

ತಂತ್ರಾಂಶ ಪಕ್ಷಪಾತ ಮಾಡುತ್ತಿದೆಯೇ ಎಂದು ಲೆಕ್ಕ ಹಾಕಲು ಅಮೆರಿಕದಲ್ಲಿ 1978ರಿಂದ ಬಳಕೆಯಲ್ಲಿರುವ ಐದರಲ್ಲಿ ನಾಲ್ಕರ ನಿಯಮ ಅನುಕೂಲ. 200 ಗಂಡಸರಲ್ಲಿ 60 ಮಂದಿ ಪಾಸಾದರೆ ಶೇ 30. 100 ಹೆಂಗಸರಲ್ಲಿ 18 ಮಂದಿ ಪಾಸಾದರೆ ಶೇ 18. ಹದಿನೆಂಟನ್ನು ಮೂವತ್ತರಿಂದ ಭಾಗಿಸಿದರೆ 0.6. ಇದು 0.8ಕ್ಕಿಂತ ಕಡಿಮೆ ಇದ್ದರೆ ನಿಂತು ವಿಚಾರಿಸಬೇಕು. ಒಂದು ಹುದ್ದೆಗೆ ಹತ್ತು-ಹದಿನೈದು ಅರ್ಜಿ ಬಂದ ಕಡೆ ಈ ಭಾಗಾಕಾರಕ್ಕೆ ಅರ್ಥವಿಲ್ಲ, ಹಲವು ಹುದ್ದೆಗಳನ್ನು ಕೂಡಿಸಿ ನೋಡಿ.

ಹಣ ಕೊಡುವ ಮುನ್ನ ಮೂರು ತಿಂಗಳು ಅದನ್ನು ತೆರೆಮರೆಯಲ್ಲಿ ಓಡಿಸಿ. ಅಂಕ ಬೀಳಲಿ, ಆದರೆ ಆಯ್ಕೆ ಮಾಡುವವರಿಗೆ ಕಾಣದಿರಲಿ. ತಂತ್ರಾಂಶ ತಳ್ಳಿದ ಪ್ರತಿ 100 ಅರ್ಜಿಯಲ್ಲಿ 20ನ್ನು ಕಣ್ಣುಮುಚ್ಚಿ ಎತ್ತಿ, ಇಬ್ಬರು ಬೇರೆ ಬೇರೆಯಾಗಿ ಓದಲಿ. ಜೊತೆಗೆ ಒಂದೇ ರೆಸ್ಯೂಮೆಯಲ್ಲಿ ವಯಸ್ಸನ್ನೋ ಕಾಲೇಜನ್ನೋ ಮಾತ್ರ ಬದಲಿಸಿ ಎರಡು ಸಲ ಹಾಕಿ ನೋಡಿ. ಐಟ್ಯೂಟರ್‌ಗ್ರೂಪ್ ಎಂಬ ಆನ್‌ಲೈನ್ ಪಾಠದ ಕಂಪನಿಯ ಮೇಲಿನ ದೂರಿನಲ್ಲಿ ಇದ್ದದ್ದೂ ಇಂಥದೇ ಸಂಗತಿ: ಜನ್ಮದಿನಾಂಕ ಮಾತ್ರ ಬೇರೆಯಿದ್ದ ಎರಡು ಅರ್ಜಿಗಳಲ್ಲಿ ಕಿರಿಯ ವಯಸ್ಸಿನದಕ್ಕಷ್ಟೇ ಸಂದರ್ಶನದ ಕರೆ ಬಂತು. 2023ರಲ್ಲಿ ಆ ಪ್ರಕರಣ 3,65,000 ಡಾಲರಿಗೆ ಇತ್ಯರ್ಥವಾಯಿತು.

ನ್ಯೂಯಾರ್ಕ್ ನಗರದ ನಿಯಮದಂತೆ ಮಾಡಿಸಿದ ಪಕ್ಷಪಾತದ ಆಡಿಟ್ ವರದಿಯನ್ನು ಮಾರುವವರಲ್ಲಿ ಕೆಲವರು ಮುಂದಿಡುತ್ತಾರೆ. ಓದಿ, ಆದರೆ ಅದು ಆ ಅರ್ಜಿದಾರರ ಲೆಕ್ಕ. ಪೀಣ್ಯದ ಅರ್ಜಿಗಳಿಗೆ ಅದು ಸಾಕ್ಷಿಯಾಗದು.

ಪ್ರಶ್ನೆ: ಸುರಕ್ಷತಾ ಕೈಪಿಡಿ, ಸುತ್ತೋಲೆಗಳ ಕನ್ನಡ ಪಿಡಿಎಫ್‌ಗಳನ್ನೆಲ್ಲ ಹಾಕಿ ಕಾರ್ಮಿಕರಿಗಾಗಿ ಚಾಟ್‌ಬಾಟ್ ಮಾಡಿಸಿದೆವು. ಇಂಗ್ಲಿಷ್ ಕಡತಗಳಿಂದ ಸರಿ ಉತ್ತರ ಕೊಡುತ್ತದೆ, ಕನ್ನಡದವುಗಳಿಂದ ಅರ್ಥವಿಲ್ಲದ್ದೇನೋ ಹೇಳುತ್ತದೆ. ಎಐಗೆ ಕನ್ನಡ ಬರುವುದಿಲ್ಲವೇ?
— ತರಬೇತಿ ವಿಭಾಗ, ಬಳ್ಳಾರಿ ಜಿಲ್ಲೆಯ ಕಾರ್ಖಾನೆ

ಉತ್ತರ: ಎಐಯನ್ನು ಬೈಯುವ ಮೊದಲು ಫಾಂಟ್ ನೋಡಿ. ಹಳೆಯ ನುಡಿ, ಬರಹ, ಶ್ರೀಲಿಪಿ ಕಡತಗಳು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಒಂದು ಪ್ಯಾರಾ ಕಾಪಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಅಂಟಿಸಿ. ಅಕ್ಷರಗಳು ಚೆಲ್ಲಾಪಿಲ್ಲಿಯಾದರೆ ಚಾಟ್‌ಬಾಟ್ ಓದುತ್ತಿರುವುದೂ ಅದನ್ನೇ. ಮೂಲ ವರ್ಡ್ ಕಡತ ಹುಡುಕಿ, ಪರಿವರ್ತಕದಿಂದ ಯೂನಿಕೋಡಿಗೆ, ಅಂದರೆ ಯಂತ್ರವೂ ಕನ್ನಡವೆಂದೇ ಓದುವ ಸಂಕೇತಕ್ಕೆ, ತನ್ನಿ. ಪರಿವರ್ತನೆಯಲ್ಲಿ ಎಡವುವುದು ಹೆಚ್ಚಾಗಿ ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ, ಆದ್ದರಿಂದ ಒಬ್ಬರು ಕೂತು ಓದಲೇಬೇಕು. ಮೂಲ ಸಿಗದೆ ಕಾಗದ ಮಾತ್ರ ಇದ್ದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಹಾಕಿ, ಅಂಕಿಗಳನ್ನಷ್ಟೂ ಕೈಯಿಂದ ತಾಳೆ ನೋಡಿ. ಕನ್ನಡದ ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂರುವುದು ಮಾಮೂಲು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘೧೦ ಬಾರ್ ಒತ್ತಡ’ ಹೀಗೆಯೇ ಹುಡುಕಾಟಕ್ಕೆ ಸಿಗದೆ ಹೋಗುತ್ತದೆ.

ಫಾಂಟ್ ಸರಿಯಾದ ಮೇಲೆ ಕತ್ತರಿಸುವ ಕೆಲಸ. ಇಂಥ ಚಾಟ್‌ಬಾಟ್ ಕಡತವನ್ನು ತುಂಡು ಮಾಡಿಟ್ಟುಕೊಂಡು, ಪ್ರಶ್ನೆಗೆ ಹೊಂದುವ ತುಂಡನ್ನು ಹುಡುಕಿ ಉತ್ತರಿಸುತ್ತದೆ. ಕಡತವನ್ನು ಇಂತಿಷ್ಟು ಟೋಕನ್ (ಎಐ ಪಠ್ಯವನ್ನು ಒಡೆದು ಓದುವ ಚೂರು) ಎಂದು ತುಂಡರಿಸುವುದು ಇಂಗ್ಲಿಷಿಗೆ ನಡೆಯುತ್ತದೆ. ಹೆಚ್ಚಿನ ಎಐ ಮಾದರಿಗಳಲ್ಲಿ ಒಂದು ಕನ್ನಡ ಪದಕ್ಕೆ ಹಲವು ಟೋಕನ್ ಹಿಡಿಯುವುದರಿಂದ, ಅದೇ ಅಳತೆಯಲ್ಲಿ ಕನ್ನಡದ ಕಾರ್ಯವಿಧಾನ ನಡುವೆಯೇ ತುಂಡಾಗುತ್ತದೆ. ಮೊದಲ ನಾಲ್ಕು ಹೆಜ್ಜೆ ಒಂದು ತುಂಡಿನಲ್ಲಿ, ‘ಅದಕ್ಕೂ ಮುನ್ನ ವಿದ್ಯುತ್ ಕಡಿತಗೊಳಿಸಿ’ ಎಂಬ ಎಚ್ಚರಿಕೆ ಇನ್ನೊಂದರಲ್ಲಿ! ಶೀರ್ಷಿಕೆಯ ಪ್ರಕಾರ ಕತ್ತರಿಸಿ, ಪ್ರತಿ ತುಂಡಿನ ತಲೆಗೂ ಯಂತ್ರದ ಹೆಸರು, ಕಾರ್ಯವಿಧಾನದ ಹೆಸರು ಸೇರಿಸಿ.

ಮೂರನೆಯ ತೊಡಕು ಮಾತಿನದು. ಕೈಪಿಡಿಯಲ್ಲಿ ‘ಅನುಮತಿ ಪತ್ರ’ ಇರುತ್ತದೆ, ಕಾರ್ಮಿಕ ಕೇಳುವುದು ‘ಪರ್ಮಿಟ್’. ಶಿಫ್ಟಿನವರ ಜೊತೆ ಕೂತು ಇಂಥ 150–200 ಜೋಡಿ ಪದಗಳ ಪಟ್ಟಿ ಮಾಡಿ ಕೊಡಿ. ದುಬಾರಿ ಮಾದರಿ ಕೊಳ್ಳುವುದಕ್ಕಿಂತ ಇದರಿಂದ ಸುಧಾರಣೆ ಜಾಸ್ತಿ.

ಬಿಡುಗಡೆಗೆ ಮುನ್ನ 60 ಪ್ರಶ್ನೆ ತಯಾರಿಸಿ, ಅದರಲ್ಲಿ 15 ಕೈಪಿಡಿಯಲ್ಲಿ ಉತ್ತರವೇ ಇಲ್ಲದವು. ಆ ಹದಿನೈದಕ್ಕೂ ‘ಇಲ್ಲಿಲ್ಲ, ಶಿಫ್ಟ್ ಇನ್‌ಚಾರ್ಜ್ ಅವರನ್ನು ಕೇಳಿ’ ಎಂದೇ ಬರಬೇಕು. ಸರಿಯಾದ ಪುಟ ಸಿಕ್ಕಿತೇ, ಸಿಕ್ಕ ಪುಟದಿಂದ ಸರಿಯಾದ ಉತ್ತರ ಬಂತೇ ಎಂದು ಎರಡನ್ನೂ ಬೇರೆಯಾಗಿ ಗುರುತಿಸಿ, ಏಕೆಂದರೆ ಎರಡರ ಮದ್ದೂ ಬೇರೆ. ವಿದ್ಯುತ್ ಕಡಿತ, ಅನಿಲದ ಮಿತಿ, ಒತ್ತಡದ ಅಂಕಿ ಇಂಥವನ್ನು ಮಾತ್ರ ಬಾಟ್ ತನ್ನ ಮಾತಿನಲ್ಲಿ ಹೇಳುವುದು ಬೇಡ, ಮೂಲ ಪುಟವನ್ನೇ ತೋರಿಸಲಿ.

ಪ್ರಶ್ನೆ: ಎಐ ಬಳಸಿ ಒಂದು ತಿಂಗಳಲ್ಲಿ 40 ಕೋರ್ಸ್ ಸಿದ್ಧಪಡಿಸಿದೆವು. ಎಲ್ಲರೂ ಮುಗಿಸಿದ್ದಾರೆ, ಸರಾಸರಿ ಅಂಕ ಶೇ 95. ಕೆಲಸದಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತಿಲ್ಲ.
— ತರಬೇತಿ ವ್ಯವಸ್ಥಾಪಕಿ, ಹುಬ್ಬಳ್ಳಿ

ಉತ್ತರ: ಎಐ ಬರೆದ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಪಾಠ ಓದದೆಯೇ ಬಿಡಿಸಿ. ಅತಿ ಉದ್ದದ ಆಯ್ಕೆಯೇ ಸರಿಯುತ್ತರ, ಉಳಿದ ಮೂರು ಯಾರೂ ನಂಬದಂಥವು ಎಂಬುದು ಅದರ ಖಾಯಂ ದೋಷ. ತಪ್ಪು ಆಯ್ಕೆಗಳನ್ನು ನಿಮ್ಮ ದೂರು ಪುಸ್ತಕದಿಂದ, ಜನ ನಿಜವಾಗಿ ಮಾಡುವ ತಪ್ಪುಗಳಿಂದ ಆರಿಸಿ ಎಐಗೆ ಕೊಡಿ. ಇನ್ನೊಂದು, ವಿಡಿಯೊ ಮುಗಿದ ಐದೇ ನಿಮಿಷಕ್ಕೆ ಪರೀಕ್ಷೆ ಇಟ್ಟರೆ ಅಳೆಯುವುದು ಐದು ನಿಮಿಷದ ನೆನಪನ್ನು. ಮರೆವು ಎಷ್ಟು ಬೇಗ ಕವಿಯುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ. 2ನೇ, 7ನೇ, 21ನೇ ದಿನ ಮೂರು ಮೂರು ಪ್ರಶ್ನೆ ಫೋನಿಗೆ ಕಳಿಸಿ. ಆರನೆಯ ವಾರ ಮೇಲ್ವಿಚಾರಕರು ಕೆಲಸದ ಜಾಗದಲ್ಲೇ ನಿಂತು ಮಾಡಿಸಿ ನೋಡಲಿ. ನಲವತ್ತು ಕೋರ್ಸಿಗೆ ಇದು ಸಾಧ್ಯವಿಲ್ಲ ಎನ್ನುತ್ತೀರಿ. ಹಾಗಾದರೆ ಆರಕ್ಕೆ ಮಾಡಿ, ಉಳಿದವು ಯಾರಿಗೆ ಬೇಕಿತ್ತು ಎಂದೂ ವಿಚಾರಿಸಿ.

ಪ್ರಶ್ನೆ: ಯಾರು ಕೆಲಸ ಬಿಡುತ್ತಾರೆಂದು ಮೊದಲೇ ಹೇಳುವ ಎಐ, ಸಂದರ್ಶನದಲ್ಲಿ ಮುಖಭಾವ ಓದುವ ಎಐ, ಎರಡೂ ಒಂದೇ ಪ್ಯಾಕೇಜಿನಲ್ಲಿ ಸಿಗುತ್ತಿವೆ. ತೆಗೆದುಕೊಳ್ಳಬಹುದೇ?
— ಸಾಫ್ಟ್‌ವೇರ್ ಸಂಸ್ಥೆಯ ಎಚ್.ಆರ್., ಮೈಸೂರು

ಉತ್ತರ: ಸಾವಿರ ನೌಕರರಲ್ಲಿ ವರ್ಷಕ್ಕೆ ನೂರು ಮಂದಿ ಬಿಡುತ್ತಾರೆ ಎಂದುಕೊಳ್ಳಿ. ‘ಶೇ 80 ನಿಖರ’ ಎನ್ನುವ ತಂತ್ರಾಂಶ ಆ ನೂರರಲ್ಲಿ 80 ಜನರನ್ನು ಹಿಡಿಯುತ್ತದೆ. ಉಳಿದ 900ರಲ್ಲಿ ಶೇ 20ರಷ್ಟು, ಎಂದರೆ 180 ಜನರನ್ನೂ ತಪ್ಪಾಗಿ ಪಟ್ಟಿಗೆ ಸೇರಿಸುತ್ತದೆ. ಪಟ್ಟಿಯಲ್ಲಿ 260 ಹೆಸರು, ನಿಜವಾಗಿ ಹೊರಡುವವರು 80. ಹತ್ತರಲ್ಲಿ ಏಳು ಮಂದಿಗೆ ಹೋಗುವ ಯೋಚನೆಯೇ ಇಲ್ಲ, ಆದರೆ ಪಟ್ಟಿ ನೋಡಿದ ಮ್ಯಾನೇಜರು ಅವರಿಗೆ ಒಳ್ಳೆಯ ಪ್ರಾಜೆಕ್ಟ್ ತಪ್ಪಿಸಿದರೆ ಆಮೇಲೆ ಖಂಡಿತ ಹೋಗುತ್ತಾರೆ. ಬಳಸುವುದೇ ಆದರೆ ಹೆಸರು ತೆಗೆದು, 30ಕ್ಕಿಂತ ದೊಡ್ಡ ಗುಂಪಿನ ಮಟ್ಟದಲ್ಲಿ ‘ಈ ವಿಭಾಗದಲ್ಲಿ ಏನೋ ಸರಿಯಿಲ್ಲ’ ಎಂದು ತಿಳಿಯುವಷ್ಟಕ್ಕೆ ಬಳಸಿ.

ಮುಖಭಾವದ್ದು ಬೇಡ. ಕೆಲಸದ ಸ್ಥಳದಲ್ಲಿ ಭಾವನೆ ಓದುವ ಎಐಯನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, ಯುರೋಪಿನ ಒಕ್ಕೂಟ 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ನಿಮಗೆ ಅಲ್ಲಿ ಶಾಖೆಯಿದ್ದರೆ ಕಾನೂನಿನ ತೊಡಕೂ ಜೊತೆಗೆ.

ಪ್ರಶ್ನೆ: ಡೆಲಿವರಿ ಕೆಲಸ. ಆ್ಯಪ್ ಏಕಾಏಕಿ ನನ್ನ ಐಡಿ ಬಂದ್ ಮಾಡಿದೆ. ಕೇಳಿದರೆ ‘ಸಿಸ್ಟಮ್ ಮಾಡಿದ್ದು’ ಎನ್ನುತ್ತಾರೆ.
— ಬೆಂಗಳೂರು

ಉತ್ತರ: ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನಗಳ ಮುಂಗಡ ನೋಟಿಸ್ ಬೇಕು. ಯಾರಿಗಾದರೂ ದೈಹಿಕ ಹಾನಿ ಮಾಡಿದಂಥ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಸ್ವಯಂಚಾಲಿತ ವ್ಯವಸ್ಥೆ ನಿಮ್ಮ ಬಗ್ಗೆ ಹೇಗೆ ತೀರ್ಮಾನಿಸುತ್ತದೆಂದು ತಿಳಿಸುವ ಹೊಣೆಯೂ ಕಂಪನಿಯದು. ಬಂದ್ ಆದ ಪರದೆಯ ಸ್ಕ್ರೀನ್‌ಶಾಟ್, ಕೊನೆಯ ಒಂದು ತಿಂಗಳ ಆರ್ಡರ್, ರೇಟಿಂಗ್, ಪಾವತಿಯ ವಿವರಗಳನ್ನು ಇವತ್ತೇ ತೆಗೆದಿಟ್ಟುಕೊಳ್ಳಿ, ಐಡಿ ಪೂರ್ತಿ ಅಳಿದರೆ ಅವು ಸಿಗುವುದಿಲ್ಲ. ಫೋನ್ ಮಾತು ಬಿಟ್ಟು ಇಮೇಲ್‌ನಲ್ಲಿ ಕಾರಣ ಕೇಳಿ. ಉತ್ತರ ಬರದಿದ್ದರೆ ಅದೇ ಇಮೇಲಿನ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.